ಆರು ಇಲಿಗಳಿಗೆ ಚರಗ

ಹೋದ ತಿಂಗಳು ಪಿಂಚಣಿಯ ಕಾಗದವೊಂದಕ್ಕೆ ಸಹಿ ಬೇಕಾಗಿ ತಾರ್ನಾಕಕ್ಕೆ ಹೋಗಿದ್ದೆ. ಇಪ್ಪತ್ತಾರು ವರ್ಷ ದುಡಿದ ಸಂಸ್ಥೆಯ ಗೇಟಿನಲ್ಲಿ ಸೆಕ್ಯುರಿಟಿಯವನು ತಡೆದು, ಯಾರು ಬೇಕಮ್ಮಾ ಎಂದು ತೆಲುಗಿನಲ್ಲಿ ಕೇಳಿದ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ನೀನು ಕೂತಿರುವ ಆ ಕುರ್ಚಿ ಇಲ್ಲಿಗೆ ಬರುವ ಮೊದಲೇ ಈ ಬಂಡೆಮ್ಮ ಇಲ್ಲಿಗೆ ಬಂದಿದ್ದಳು ಎಂದು ಅವನದೇ ತೆಲುಗಿನಲ್ಲಿ ಅಂದೆ. ಅವನು ನಕ್ಕು ಒಳಗೆ ಬಿಟ್ಟ. ಒಳಗೆ ಹೋದರೆ ಪ್ರಯೋಗದ ಇಲಿ ಸಾಕುತ್ತಿದ್ದ ನಮ್ಮ ಅನಿಮಲ್ ಹೌಸ್ ಇದ್ದ ಜಾಗದಲ್ಲಿ ಗಾಜಿನ ಕಟ್ಟಡ ಎದ್ದಿದೆ. ಒದ್ದೆ ಹೊಟ್ಟು, ಫಿನೈಲು, ಇಲಿಯ ಉಚ್ಚೆ ಮೂರೂ ಬೆರೆತ ಆ ವಾಸನೆಗೆ ಇಪ್ಪತ್ತಾರು ವರ್ಷ ಬೈದುಕೊಂಡೇ ಬಂದವಳು ನಾನು. ಅವತ್ತು ಅದಿಲ್ಲ ಎಂದು ತಿಳಿದಾಗ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಇಲಿಗಳಿಗಾಗಿ ಅಲ್ಲ. ಗಾನವಿ ನೆನಪಾಗಿದ್ದಳು.

ನಾನು ಲಿಂಗಸುಗೂರು ತಾಲೂಕಿನವಳು. ಗಂಡ ಸೀತಾರಾಮ ರೈಲ್ವೆಯಲ್ಲಿ ಖಲಾಸಿ, ಮಲ್ಕಾಜ್‌ಗಿರಿಯಲ್ಲಿ ನಮಗೆ ಕ್ವಾರ್ಟರ್ಸು. ಏಳನೇ ಕ್ಲಾಸು ಓದಿದ್ದಕ್ಕೆ ನನಗೆ ಆ ಕೆಲಸ ಸಿಕ್ಕಿತ್ತು: ಪ್ರಯೋಗದ ಇಲಿಗಳಿಗೆ ಮೇವು ನೀರು ಕೊಡುವುದು, ಪಂಜರದ ಹೊಟ್ಟು ಬದಲಿಸುವುದು, ಮರಿ ಹಾಕಿದ್ದು ಸತ್ತದ್ದು ಚೀಟಿಯಲ್ಲಿ ಬರೆಯುವುದು. ಸಂಸ್ಥೆಯಲ್ಲಿ ತೆಲುಗು, ಹಿಂದಿ, ಬಂಗಾಲಿ ಎಲ್ಲ ಇದ್ದವು. ಕನ್ನಡ ಮಾತ್ರ ನಾನು ಇಲಿಗಳ ಜೊತೆ ಆಡುತ್ತಿದ್ದೆ. ಒಂದು ದಿನ ನನ್ನ ಬೆರಳು ಕಚ್ಚಿದ ಇಲಿಯೊಂದಕ್ಕೆ ಅದರ ಅಪ್ಪ ಅಜ್ಜನನ್ನೆಲ್ಲ ಎಳೆದು ಬೈಯುತ್ತಿದ್ದಾಗ ಬಾಗಿಲಲ್ಲಿ ಯಾರೋ ಕಿಸಕ್ಕನೆ ನಕ್ಕರು. ಮೈಸೂರಿನ ಹುಡುಗಿ, ಗಾನವಿ, ಪಿಎಚ್‌ಡಿಗೆ ಹೊಸದಾಗಿ ಸೇರಿದವಳು. ಎರಡು ತಿಂಗಳಿಂದ ಕನ್ನಡದ ಒಂದು ಮಾತು ಕಿವಿಗೆ ಬಿದ್ದಿರಲಿಲ್ಲವಂತೆ, ಬೈಗುಳವಾದರೂ ಸರಿ ಇನ್ನೊಂದು ಸಲ ಬೈಯಿರಿ ಎಂದು ಕೇಳಿದಳು. ಎಂಥಾ ಹುಚ್ಚು ಹುಡುಗಿ ಎಂದುಕೊಂಡೆ. ಮರುದಿನದಿಂದ ನನ್ನ ಡಬ್ಬಿಯಲ್ಲಿ ಅವಳಿಗೂ ಎರಡು ರೊಟ್ಟಿ ಇರತೊಡಗಿದವು.

ಅವಳ 'ಕಣ್ರೀ' ಕೇಳಿ ನಾನು ನಗುವುದು, ನನ್ನ 'ಐತಿ' ಕೇಳಿ ಅವಳು ನಗುವುದು. ಹೀಗೇ ಎರಡು ವರ್ಷ ಕಳೆದವು. ನನಗೆ ಹೆಣ್ಣುಮಕ್ಕಳಿಲ್ಲ. ಇದ್ದಿದ್ದರೆ ಇಷ್ಟು ಹಚ್ಚಿಕೊಳ್ಳುತ್ತಿರಲಿಲ್ಲವೇನೋ ಎಂದು ಸೀತಾರಾಮ ಛೇಡಿಸುತ್ತಿದ್ದ. ಹೌದು, ಹಚ್ಚಿಕೊಂಡಿದ್ದೆ. ಅದರಲ್ಲಿ ಮುಚ್ಚಿಡುವುದು ಏನಿದೆ?

ಅವಳ ಕೆಲಸದ ಮೇಲೆ ನನಗೆ ಪ್ರೀತಿ ಬಂದದ್ದಕ್ಕೆ ಬೇರೆಯೇ ಕಾರಣವಿತ್ತು. ಇಲಿಗೆ ಏನೋ ಔಷಧಿ ಕೊಟ್ಟರೆ ಒಳಗೆ ಏನಾಯಿತು ಎಂದು ನೋಡಲು ಎಲ್ಲರೂ ಅದನ್ನು ಕೊಯ್ಯುತ್ತಿದ್ದರು. ವಾರಕ್ಕೆ ಆರು, ತಿಂಗಳಿಗೆ ಇಪ್ಪತ್ತನಾಲ್ಕು. ಸಾಕುವುದು ನಾನು, ಕೊಯ್ಯಲು ಎತ್ತಿ ಕೊಡುವುದೂ ನಾನೇ. ಗಾನವಿ ಮಾತ್ರ ಕೊಯ್ಯದೆ ನೋಡುತ್ತೇನೆಂದು ಹಟ ಹಿಡಿದಿದ್ದಳು. ಇಲಿಯ ಮೂಳೆಯ ಮಜ್ಜೆಯಿಂದ ಜೀವಕೋಶಗಳನ್ನು ತೆಗೆದು, ಅವುಗಳೊಳಗೆ ಸಮುದ್ರದ ಯಾವುದೋ ಹವಳದ ಜೀನ್ ಒಂದನ್ನು ಸೇರಿಸುತ್ತಿದ್ದಳು. ಆ ಜೀನ್ ಇರುವ ಕೋಶ ಬದುಕಿರುವವರೆಗೆ ತನ್ನೊಳಗೆ ಒಂದು ಬಣ್ಣ ತಯಾರಿಸುತ್ತದೆ. ಬೇಕಾದ ದೀಪ ಹಾಕಿದರೆ ಆ ಬಣ್ಣ ಕೆಂಪಗೆ ಹೊಳೆಯುತ್ತದೆ. ಕೋಶ ಸತ್ತರೆ ಬಣ್ಣವೂ ಇಲ್ಲ. ಯಕೃತ್ತು ಕೆಟ್ಟ ಇಲಿಯ ಬಾಲದ ನರಕ್ಕೆ ಇವನ್ನು ಚುಚ್ಚಿ, ಆಮೇಲೆ ಇಲಿಯನ್ನು ನಿದ್ದೆ ಬರಿಸಿ ಕತ್ತಲ ಪೆಟ್ಟಿಗೆಯಲ್ಲಿ ಕ್ಯಾಮೆರಾ ಹಿಡಿಯುವುದು. ಕೋಶ ಎಲ್ಲಿಗೆ ಹೋಯಿತು, ಬದುಕಿದೆಯೇ ಎಂದು ಹೊರಗಿನಿಂದಲೇ ಕಾಣಬೇಕು. ಇಂಥ ಜೀನಿಗೆ ವರದಿಗಾರ ಅನ್ನುತ್ತಾರೆ, ಒಳಗೆ ಕೂತು ಸುದ್ದಿ ಕೊಡುತ್ತದೆ ಎಂದು ಅವಳು ಹೇಳಿದ್ದಳು. ಇವತ್ತು ಇಲಿ, ನಾಳೆ ಮನುಷ್ಯರಿಗೂ ಹೀಗೇ ಬೇರೆ ಬೇರೆ ಸ್ಕ್ಯಾನ್ ಮಾಡಿ ನೋಡಬಹುದಂತೆ. ಇಲಿಯೂ ಉಳಿಯುತ್ತದೆ, ಸುದ್ದಿಯೂ ಬರುತ್ತದೆ. ಇದಕ್ಕಿಂತ ಒಳ್ಳೆಯ ಕೆಲಸ ಆ ಕಟ್ಟಡದಲ್ಲಿ ಇನ್ನೊಂದಿರಲಿಲ್ಲ ಎಂದು ನಾನು ಈಗಲೂ ಹೇಳುತ್ತೇನೆ.

ಒಂದು ಮಧ್ಯಾಹ್ನ ನನ್ನನ್ನೂ ಆ ಕತ್ತಲೆ ಕೋಣೆಗೆ ಕರೆದುಕೊಂಡು ಹೋದಳು. ನನ್ನ ತುರುಬಿನಲ್ಲಿದ್ದ ಕನಕಾಂಬರ ಮಾಲೆಯನ್ನು ಬಿಚ್ಚಿಸಿ ಕ್ಯಾಮೆರಾದ ಕೆಳಗೆ ಇಟ್ಟಳು. ಹೂವಿನ ಜೊತೆ ಮರುಗದ ಎಲೆ ಕಟ್ಟಿದ್ದೆ. ಕಂಪ್ಯೂಟರಿನಲ್ಲಿ ನೋಡಿದರೆ ಹೂವೆಲ್ಲ ಕಪ್ಪು, ಎಲೆಗಳು ಕೆಂಡದ ಹಾಗೆ ಕೆಂಪು. ಹಸಿರು ಎಲೆ ಈ ದೀಪಕ್ಕೆ ತಾನೇ ಹೊಳೆಯುತ್ತದೆ, ಅದಕ್ಕೇ ನನ್ನ ಇಲಿಗಳಿಗೆ ಸೊಪ್ಪು ಸೇರದ ಬಿಳಿ ಮೇವು ತರಿಸಿದ್ದೇನೆ ಎಂದಳು. ಕೇಳಿಸಿಕೊಂಡೆ. ಕೇಳಿಸಿಕೊಂಡವಳು ಮರೆಯಬಾರದಿತ್ತು.

ಆ ಕಾಲಕ್ಕೆ ಊರಿಗೆ ಊರೇ ಕಂಪ್ಯೂಟರ್ ಕಂಪನಿಗಳೆದ್ದ ಮಾದಾಪುರದ ಕಡೆ ಓಡುತ್ತಿತ್ತು. ಕೊರಳಲ್ಲಿ ಕಾರ್ಡು ತೂಗುಹಾಕಿಕೊಂಡ ಹುಡುಗ ಹುಡುಗಿಯರು ಬೆಳಗಾದರೆ ಕಂಪನಿಯ ಸುಮೋ ಕಾಯುತ್ತ ಬೀದಿ ತುಂಬ ನಿಂತಿರುತ್ತಿದ್ದರು. ಗಾನವಿಯ ರೂಮಿನಲ್ಲಿದ್ದ ಅನ್ವಿತಾ ಅಂಥವಳೇ ಒಬ್ಬಳು. ಔಷಧಿ ಪರೀಕ್ಷೆಗಳ ಮಾಹಿತಿಯನ್ನು ಕಂಪ್ಯೂಟರಿಗೆ ಹಾಕುವ ಕಂಪನಿಯಲ್ಲಿ ಅವಳಿಗೆ ಕೆಲಸ. ಬಯಾಲಜಿ ಓದಿದವರು ಬೇಕಂತೆ ಎಂದು ಗಾನವಿಯ ಅರ್ಜಿಯನ್ನೂ ಅವಳೇ ಹಾಕಿದ್ದಳು. ಎರಡು ಸಾವಿರದ ಐದನೇ ಇಸವಿ ಜನವರಿಯ ಮೊದಲ ವಾರ ಕೆಲಸದ ಪತ್ರ ಬಂತು. ಇಪ್ಪತ್ತೆರಡನೇ ತಾರೀಖಿನೊಳಗೆ ಹೌದು ಅಥವಾ ಇಲ್ಲ ಎಂದು ತಿಳಿಸಬೇಕು. ಇತ್ತ ಗಾನವಿಯ ಫೆಲೋಶಿಪ್ ಮಾರ್ಚಿಗೆ ಮುಗಿಯುವುದಿತ್ತು. ಎರಡು ಸಲ ಕ್ಯಾಮೆರಾ ಹಿಡಿದರೂ ಏನೂ ಕಂಡಿರಲಿಲ್ಲ. ಅವಳ ಗೈಡು ಸೂರ್ಯನಾರಾಯಣ ಸರ್ ಒಳ್ಳೆಯ ಮನುಷ್ಯ, ಆದರೆ ಮಾತು ಖಡಾಖಂಡಿತ. ಒಂದು ಒಳ್ಳೆಯ ಚಿತ್ರ ತಂದರೆ ಫೆಲೋಶಿಪ್ಪನ್ನು ಇನ್ನೆರಡು ವರ್ಷ ಮುಂದುವರಿಸಲು ಬರೆಯುತ್ತೇನೆ, ತರದಿದ್ದರೆ ನಿನ್ನ ದಾರಿ ನೀನು ನೋಡಿಕೋ ಎಂದಿದ್ದರು. ಕ್ಯಾಮೆರಾ ಬೇರೆ ಲ್ಯಾಬಿನದು, ಹದಿನೈದು ದಿನಕ್ಕೊಮ್ಮೆ ಇವಳ ಪಾಳಿ. ಹನ್ನೊಂದನೇ ತಾರೀಖು ಒಂದು ಸಲ, ಇಪ್ಪತ್ತೈದಕ್ಕೆ ಮತ್ತೊಂದು ಸಲ. ಅಂದರೆ ಹನ್ನೊಂದರ ಚಿತ್ರವೇ ಎಲ್ಲ.

ಹತ್ತನೇ ತಾರೀಖು ಎಳ್ಳು ಅಮಾವಾಸ್ಯೆ. ನಮ್ಮ ಕಡೆ ಅವತ್ತು ಮನೆಯಲ್ಲಿ ಯಾರೂ ಕೂರುವುದಿಲ್ಲ. ಸಜ್ಜೆ ರೊಟ್ಟಿ, ಸೊಪ್ಪು ಕಾಳು ಕೂಡಿಸಿ ಬೇಯಿಸಿದ ಭಜ್ಜಿ, ಪುಂಡಿಪಲ್ಯ, ಶೇಂಗಾ ಹೋಳಿಗೆ ಕಟ್ಟಿಕೊಂಡು ಬಂಡಿಯಲ್ಲಿ ಹೊಲಕ್ಕೆ ಹೋಗಿ, ಬೆಳೆದು ನಿಂತ ಪೈರಿನ ನಾಲ್ಕೂ ಕಡೆ ಆ ಅಡಿಗೆಯ ಚರಗ ಚೆಲ್ಲಿ, ಆಮೇಲೇ ತಾವು ಉಣ್ಣುವುದು. ಭೂಮಿ ಆಗ ಬಸುರಿ, ಬಸುರಿಯ ಬಾಯಿಗೆ ಮೊದಲು ತುತ್ತು ಇಡಬೇಕು. ಮಲ್ಕಾಜ್‌ಗಿರಿಯ ಕ್ವಾರ್ಟರ್ಸಿನಲ್ಲಿ ನನಗೆ ಹೊಲವೆಲ್ಲಿಂದ ಬರಬೇಕು? ಪ್ರತಿ ವರ್ಷ ಗೋಡೆಯಾಚೆಯ ಹುಲ್ಲಿಗೆ ಒಂದಿಷ್ಟು ಚೆಲ್ಲಿ ಸುಮ್ಮನಾಗುತ್ತಿದ್ದೆ. ಆ ವರ್ಷ ಡ್ಯೂಟಿ ಬಿಡುವಂತಿರಲಿಲ್ಲ. ಭಜ್ಜಿಗೆ ತಂದ ಮೆಂತ್ಯ, ಹಸಿ ಕಡಲೆ ಸೊಪ್ಪಿನಲ್ಲಿ ಒಂದು ಹಿಡಿ ಉಳಿದಿತ್ತು. ಅದನ್ನು ಡಬ್ಬಿಯ ಜೊತೆ ಕಟ್ಟಿಕೊಂಡು ಹೋದೆ.

ಗಾನವಿಯದು ಹನ್ನೆರಡು ಇಲಿ. ಹನ್ನೆರಡಕ್ಕೂ ಯಕೃತ್ತು ಕೆಟ್ಟಿತ್ತು. ಆರಕ್ಕೆ ಕೋಶ ಚುಚ್ಚಿದ್ದಳು, ಆರಕ್ಕೆ ಇಲ್ಲ, ಹೋಲಿಸಿ ನೋಡಲಿಕ್ಕೆ. ಸಂಜೆ ಎಲ್ಲರೂ ಹೋದ ಮೇಲೆ ನಾನು ಪಂಜರಗಳ ಮುಂದೆ ನಿಂತೆ. ಈ ಆರರಲ್ಲಿ ಬೀಜ ಬಿದ್ದಿದೆ, ಅದು ಹಿಡಿಯುತ್ತದೋ ಇಲ್ಲವೋ ಎಂದು ಆ ಹುಡುಗಿ ಊಟ ಬಿಟ್ಟಿದ್ದಾಳೆ. ಚರಗ ಬಿತ್ತಿದ ಹೊಲಕ್ಕೇ ಚೆಲ್ಲುವುದು, ಪಾಳು ಬಿದ್ದ ಹೊಲಕ್ಕೆ ಯಾರೂ ಚೆಲ್ಲುವುದಿಲ್ಲ. ಆ ಆರು ಪಂಜರಗಳಿಗೆ ಮಾತ್ರ ಎರಡೆರಡು ಎಳೆ ಸೊಪ್ಪು ಹಾಕಿ ಕೈ ಮುಗಿದೆ. ಇಲಿಗಳು ಎರಡು ಕಾಲ ಮೇಲೆ ಕೂತು ಕರಕರ ತಿಂದವು. ಮನಸ್ಸಿಗೆ ಎಷ್ಟು ಸಮಾಧಾನವಾಯಿತೆಂದರೆ, ಹಾಡಿಕೊಳ್ಳುತ್ತ ಮನೆಗೆ ಹೋದೆ. ಮರುಗದ ಎಲೆ ನೆನಪಿಗೇ ಬರಲಿಲ್ಲ. ದೇವರು ನನಗೆ ಬಾಯಿ ಕೊಟ್ಟಷ್ಟು ಬುದ್ಧಿ ಕೊಡಲಿಲ್ಲ.

ಮರುದಿನ ಹನ್ನೊಂದು ಗಂಟೆಗೆ ಗಾನವಿ ಕತ್ತಲೆ ಕೋಣೆಯಿಂದ ಓಡಿಬಂದು ನನ್ನನ್ನು ತಬ್ಬಿಕೊಂಡಳು. ಮಾತು ಹೊರಡುತ್ತಿರಲಿಲ್ಲ, ಕೈ ಹಿಡಿದು ಎಳೆದುಕೊಂಡು ಹೋದಳು. ಪರದೆಯ ಮೇಲೆ ಸಾಲಾಗಿ ಹನ್ನೆರಡು ಇಲಿಗಳ ಚಿತ್ರ. ಆರು ಕಪ್ಪು. ಇನ್ನಾರರ ಹೊಟ್ಟೆಯಲ್ಲಿ ಕೆಂಪು ಬೆಳಕು. ಸೂರ್ಯನಾರಾಯಣ ಸರ್ ಕನ್ನಡಕ ಮೇಲೇರಿಸಿ ಬಗ್ಗಿ ನೋಡುತ್ತಿದ್ದರು. ಬೆಳಕು ಯಕೃತ್ತಿಗಿಂತ ಸ್ವಲ್ಪ ಕೆಳಗಿದೆಯಲ್ಲ, ಮೇವು ಯಾವುದು ಎಂದು ಕೇಳಿದರು. ಬಿಳಿ ಮೇವೇ ಸರ್ ಎಂದು ಗಾನವಿ ಥಟ್ಟನೆ ಹೇಳಿದಳು. ಸರ್ ಅವಳ ಬೆನ್ನು ತಟ್ಟಿದರು. ಎರಡು ವರ್ಷಕ್ಕೆ ಬರೆಯುತ್ತೇನೆ, ಆ ಕಂಪನಿಗೆ ಇಲ್ಲವೆಂದು ಹೇಳಿಬಿಡು ಎಂದರು.

ನನಗೆ ನೋಡಿದ ಕೂಡಲೇ ತಿಳಿದಿತ್ತು, ಅದು ನನ್ನ ಮೆಂತ್ಯ. ಆ ಕೆಂಪನ್ನು ನಾನು ಹಿಂದೆ ನೋಡಿದ್ದೆ.

ಆಗಲೇ ಹೇಳಬೇಕಿತ್ತು. ಯಾವ ದೊಡ್ಡವರ ಮುಂದೂ ಹಿಂಜರಿಯದ ಬಾಯಿ ಅವತ್ತು ಕಟ್ಟಿಕೊಂಡಿತು. ಬೈಯುತ್ತಾರೆ ಎಂಬ ಹೆದರಿಕೆಯೇನೂ ಅಲ್ಲ. ಹೇಳಿದರೆ ಗಾನವಿ ಹೋಗುತ್ತಾಳೆ. ಹೇಳದಿದ್ದರೆ ಇರುತ್ತಾಳೆ. ನನಗೆ ಅವಳು ಬೇಕಿತ್ತು, ಅಷ್ಟೇ. ಮಧ್ಯಾಹ್ನದ ರೊಟ್ಟಿ ಇಬ್ಬರೂ ಹಂಚಿಕೊಂಡು ತಿನ್ನುವುದು ಬೇಕಿತ್ತು. ಅವಳ ಕಣ್ಣಿನಲ್ಲಿ ಎರಡು ವರ್ಷದಲ್ಲಿ ಮೊದಲ ಸಲ ಕಂಡ ಆ ಸಂತೋಷವನ್ನು ಒಂದು ದಿನ ನೋಡೋಣ, ನಾಳೆ ಹೇಳೋಣ ಎಂದುಕೊಂಡೆ. ನಾಳೆ ಬಂತು, ನಾಡಿದ್ದು ಬಂತು. ಸಂಕ್ರಾಂತಿಗೆ ಎಳ್ಳು ಬೆಲ್ಲ ತಂದು ಕೊಟ್ಟಳು. ನುಂಗಲಾರದೆ ನುಂಗಿದೆ. ಸಣ್ಣದಕ್ಕೆಲ್ಲ ಗಂಡನ ಮೇಲೆ ಹರಿಹಾಯ್ದೆ. ನಿನಗೇನು ಬಂದಿದೆ ಎಂದು ಅವನು ಕೇಳಿದರೆ ಅದಕ್ಕೂ ಹರಿಹಾಯ್ದೆ. ಇಪ್ಪತ್ತೈದಕ್ಕೆ ಮತ್ತೆ ಕ್ಯಾಮೆರಾ ಹಿಡಿಯುತ್ತಾರೆ, ಅಷ್ಟರಲ್ಲಿ ಇಲಿಗಳ ಹೊಟ್ಟೆ ಖಾಲಿಯಾಗಿರುತ್ತದೆ, ಬೆಳಕು ಇರುವುದಿಲ್ಲ. ಇಪ್ಪತ್ತೆರಡಕ್ಕೆ ಕಂಪನಿಗೆ ಇಲ್ಲ ಎಂದು ಹೇಳಿಬಿಟ್ಟಿರುತ್ತಾಳೆ. ಇದೂ ಇಲ್ಲ, ಅದೂ ಇಲ್ಲ. ಈ ಲೆಕ್ಕ ನನಗೆ ಮೊದಲ ದಿನವೇ ಗೊತ್ತಿತ್ತು, ಗೊತ್ತಿದ್ದೂ ಹನ್ನೊಂದು ದಿನ ಸುಮ್ಮನಿದ್ದೆ.

ಇಪ್ಪತ್ತೆರಡು ಶನಿವಾರ. ಮಧ್ಯಾಹ್ನ ಲ್ಯಾಬಿಗೆ ಹೋದರೆ ಗಾನವಿ ಒಬ್ಬಳೇ ಕಂಪ್ಯೂಟರಿನ ಮುಂದೆ ಕೂತಿದ್ದಳು. ಕಂಪನಿಗೆ ಪತ್ರ ಬರೆಯುತ್ತಿದ್ದೇನೆ, ಬರುವುದಿಲ್ಲ ಎಂದು, ಇನ್ನೇನು ಕಳಿಸುವುದಷ್ಟೇ ಎಂದಳು. ನಾನು ಅವಳ ಕೈ ಹಿಡಿದುಕೊಂಡೆ.

"ಕಳಸಬ್ಯಾಡ ತಂಗಿ. ಅಮಾಸಿ ದಿನ ಆ ಆರು ಇಲಿಗೂ ನಾನು ಸೊಪ್ಪು ಹಾಕೀನಿ. ನೀ ನೋಡಿದ್ದು ಸೊಪ್ಪಿನ ಬೆಳಕು, ನಿನ್ನ ಕೋಶದ್ದಲ್ಲ."

ಅವಳು ಬೆಚ್ಚಿ ಬೀಳುತ್ತಾಳೆ, ಅಳುತ್ತಾಳೆ, ನನಗೆ ಬೈಯುತ್ತಾಳೆ ಎಂದುಕೊಂಡಿದ್ದೆ. ಏನೂ ಆಗಲಿಲ್ಲ. ಪರದೆಯನ್ನೇ ನೋಡುತ್ತ ಮೆಲ್ಲಗೆ ಕೇಳಿದಳು.

"ನಿಮಗೆ ಯಾವಾಗ ಗೊತ್ತಾಯ್ತು?"

"ಇವತ್ತ ಮುಂಜಾನಿ ಹೊಳೀತು. ಹೊಳದ ಕೂಡ್ಲೆ ಬಂದೀನಿ."

ಸುಳ್ಳು. ಬಾಯಿಗೆ ಬಂದುಬಿಟ್ಟಿತು. ಹನ್ನೊಂದು ದಿನ ನಿನ್ನ ತಲೆಯ ಮೇಲೆ ಕಲ್ಲು ಹಿಡಿದುಕೊಂಡು ನಿಂತಿದ್ದೆ ಎಂದು ಯಾವ ಮುಖ ಇಟ್ಟುಕೊಂಡು ಹೇಳಲಿ?

ಅವಳು ಮುಖ ಮುಚ್ಚಿಕೊಂಡಳು. "ನಂಗೆ ಅವತ್ತೇ ಗೊತ್ತಿತ್ತು ಬಂಡೆಮ್ಮ. ಬೆಳಿಗ್ಗೆ ಇಲಿ ತಗೊಳ್ಳೋವಾಗ್ಲೇ ಪಂಜರದ ಹೊಟ್ಟಿನಲ್ಲಿ ಮೆಂತ್ಯದ ದಂಟು ಸಿಕ್ತು. ಸರ್ ಬರೋಕೆ ಮುಂಚೆ ಎತ್ತಿ ಬಿಸಾಕ್ಬಿಟ್ಟೆ. ಸೊಪ್ಪಿನದೂ ಇರಬಹುದು, ಕೋಶದ್ದೂ ಇರಬಹುದು ಅಂತ ನಂಗೆ ನಾನೇ ಹೇಳ್ಕೊಂಡೆ. ನೀವು ಹೇಳದೇ ಇರ್ಲಿ ಅಂತ ದಿನಾ ದೇವರಿಗೆ ಕೈ ಮುಗೀತಿದ್ದೆ."

ನಾನು ಪಕ್ಕದ ಸ್ಟೂಲು ಎಳೆದುಕೊಂಡು ಕೂತೆ. ಆಮೇಲೆ ಅವಳು ಬರೆದದ್ದನ್ನು ಅಳಿಸಿ, ಬರುತ್ತೇನೆ ಎಂದು ಕಂಪನಿಗೆ ಕಳಿಸಿದಳು. ಎದ್ದು ಹೋಗಿ ಸರ್ ಮನೆಗೆ ಫೋನ್ ಮಾಡಿ ಎಲ್ಲ ಹೇಳಿದಳು. ದಂಟು ಬಿಸಾಡಿದ್ದನ್ನೂ ಹೇಳಿದಳು. ನನ್ನ ಹೆಸರು ಮಾತ್ರ ಹೇಳಲಿಲ್ಲ, ಮೇವು ನೋಡಿಕೊಳ್ಳುವುದು ತನ್ನ ಜವಾಬ್ದಾರಿಯಾಗಿತ್ತು ಎಂದಳು. ಸೋಮವಾರ ನಾನೇ ಸರ್ ಹತ್ತಿರ ಹೋಗಿ ಸೊಪ್ಪು ಹಾಕಿದವಳು ನಾನು ಎಂದು ಒಪ್ಪಿಕೊಂಡೆ. ಅವರು ತಲೆ ಚಚ್ಚಿಕೊಂಡರು, ಆಮೇಲೆ ಚರಗ ಅಂದರೇನು ಎಂದು ಕೇಳಿ ತಿಳಿದುಕೊಂಡರು.

ಇಪ್ಪತ್ತೈದರ ಚಿತ್ರದಲ್ಲಿ ಹನ್ನೆರಡೂ ಇಲಿ ಕಪ್ಪು. ಪ್ರಯೋಗ ಮುಗಿಯಿತು. ಮುಗಿದ ಪ್ರಯೋಗದ ಇಲಿಗಳನ್ನು ಇಟ್ಟುಕೊಳ್ಳುವ ನಿಯಮವಿಲ್ಲ. ಯಾವ ಕೆಲಸ ಬೇಡವೆಂದು ಹಟ ಹಿಡಿದಿದ್ದಳೋ ಅದನ್ನು ಗಾನವಿ ತಾನೇ ಮಾಡಿದಳು. ಒಂದೊಂದನ್ನೂ ನಾನು ಎತ್ತಿ ಕೊಟ್ಟೆ. ಯಕೃತ್ತನ್ನು ತೆಳ್ಳಗೆ ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದವಳು ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ. ಆಮೇಲೆ ನನ್ನನ್ನು ಕರೆದು ಕೂರಿಸಿದಳು. ಕತ್ತಲಲ್ಲಿ ಅಲ್ಲೊಂದು ಇಲ್ಲೊಂದು ಕೆಂಪು ಚುಕ್ಕೆ. ಆರರಲ್ಲಿ ನಾಲ್ಕು ಇಲಿಗಳಲ್ಲಿ ಅವಳ ಕೋಶಗಳು ಬೇರೂರಿದ್ದವು. ಚರ್ಮ ದಾಟಿ ಹೊರಗೆ ಕಾಣುವಷ್ಟು ಬೆಳಕು ಇರಲಿಲ್ಲ, ಅಷ್ಟೇ. ನನಗೆ ಅಳು ತಡೆಯಲಾಗಲಿಲ್ಲ. ಇಲಿಗಳಿಗಾಗಿ ಅತ್ತೆನೋ ಅವಳಿಗಾಗಿ ಅತ್ತೆನೋ ಗೊತ್ತಿಲ್ಲ.

ಸೂರ್ಯನಾರಾಯಣ ಸರ್ ಬಂದು ನೋಡಿದರು, ಎರಡು ಸಲ ನೋಡಿದರು. ಇದು ಸಾಕು, ಬೇರೆ ಬಣ್ಣದ, ಇನ್ನೂ ಜೋರಾಗಿ ಹೊಳೆಯುವ ಜೀನ್ ಹಾಕಿ ಮತ್ತೆ ಮಾಡೋಣ, ಒಂದು ವರ್ಷಕ್ಕೆ ನಾನು ಹೇಗಾದರೂ ಬರೆಸುತ್ತೇನೆ, ಇರು ಎಂದರು. ಗಾನವಿ ಯೋಚಿಸಿ ಹೇಳುತ್ತೇನೆ ಎಂದಳು. ಇರುತ್ತಾಳೆ ಎಂದು ನಾನು ಅವತ್ತು ಮನೆಯಲ್ಲಿ ಶಾವಿಗೆ ಪಾಯಸ ಮಾಡಿದೆ. ಎರಡು ದಿನ ಬಿಟ್ಟು ಬಂದು, ಇಲ್ಲ ಸರ್, ಹೋಗುತ್ತೇನೆ ಎಂದಳು.

ಕಂಪನಿಗೆ ಸೇರುವ ಮೊದಲು ಅವಳು ಊರಿಗೆ ಹೋಗುವುದಿತ್ತು. ಕಾಚಿಗೂಡ ಸ್ಟೇಷನ್ನಿಗೆ ರೊಟ್ಟಿ, ಶೇಂಗಾ ಹಿಂಡಿ ಚಟ್ನಿ ಕಟ್ಟಿಕೊಂಡು ಹೋದೆ. ಅವಳು ಕಿಟಕಿಯ ಪಕ್ಕ ಕೂತಿದ್ದಳು. ನನ್ನ ಸಿಟ್ಟು ಅಷ್ಟು ದಿನ ಒಳಗೇ ಕುದಿಯುತ್ತಿತ್ತು.

"ಸರ್ ಇರು ಅಂದ್ರಲ್ಲ. ಬೀಜಾ ಹಿಡದಿತ್ತಲ್ಲ. ಒಂದು ದಂಟು ಬಿಸಾಕಿದ್ದಕ್ಕ ಇಷ್ಟು ದೊಡ್ಡ ಶಿಕ್ಷಾ ಯಾಕ ಮಾಡ್ಕೊಳ್ಳಾಕತ್ತಿ?"

"ದಂಟಿಗಲ್ಲ ಬಂಡೆಮ್ಮ. ಇನ್ಮೇಲೆ ಯಾವ ಚಿತ್ರ ನೋಡಿದ್ರೂ, ಇದು ನಿಜವಾಗ್ಲೂ ಇದ್ಯಾ, ಇಲ್ಲ ನಂಗೆ ಬೇಕು ಅಂತ ಕಾಣ್ತಿದ್ಯಾ ಅಂತ ಅನುಮಾನ. ನಿಮ್ಮನ್ನೇ ನೋಡಿ. ಹೊಳೆದ ಕೂಡ್ಲೆ ಓಡಿ ಬಂದ್ರಿ. ನಾನು ಹನ್ನೊಂದು ದಿನ ಬಾಯಿ ಮುಚ್ಕೊಂಡಿದ್ದೆ. ಈ ಕೆಲಸ ನಿಮ್ಮಂಥೋರಿಗೆ ಸರಿ, ನಂಗಲ್ಲ."

ಹೇಳಬೇಕೆಂದು ಬಾಯಿ ತೆರೆದೆ. ನಾನೂ ಅದೇ ಹನ್ನೊಂದು ದಿನ ಸುಮ್ಮನಿದ್ದೆ ತಂಗಿ, ನಾನೂ ಅದನ್ನೇ ಬೇಡಿಕೊಂಡಿದ್ದೆ, ನಿನ್ನದು ದೊಡ್ಡ ತಪ್ಪೇನಲ್ಲ, ಪ್ರೀತಿ ಇದ್ದವರೆಲ್ಲ ಮಾಡುವಂಥದ್ದು, ಇಳಿದು ಬಾ. ಇಷ್ಟು ಹೇಳಿದ್ದರೆ ಸಾಕಿತ್ತು, ಹೇಳಲಿಲ್ಲ. ಅವಳು ನನ್ನನ್ನು ನೋಡುತ್ತಿದ್ದ ರೀತಿ ಹಾಗಿತ್ತು. ಅಷ್ಟು ದೊಡ್ಡವಳಾಗಿ ನಾನು ಯಾರ ಕಣ್ಣಿಗೂ ಕಂಡಿರಲಿಲ್ಲ. ರೊಟ್ಟಿಯ ಗಂಟನ್ನು ಕಿಟಕಿಯೊಳಗೆ ತೂರಿಸಿ, ಬಿಸಿ ಇದ್ದಾಗಲೇ ತಿನ್ನು ಎಂದೆ. ರೈಲು ಹೊರಟಿತು.

ಈಗ ಅವಳದು ದೊಡ್ಡ ಹುದ್ದೆ, ಮಾದಾಪುರದಲ್ಲೇ ಮನೆ, ಕಾಲೇಜಿಗೆ ಹೋಗುವ ಮಗಳು. ಆಮೇಲೆ ಒಂದು ದಿನವೂ ಲ್ಯಾಬಿನ ಮೆಟ್ಟಿಲು ಹತ್ತಲಿಲ್ಲ. ಪ್ರತಿ ಯುಗಾದಿಗೆ ತಪ್ಪದೆ ಫೋನ್ ಮಾಡುತ್ತಾಳೆ. ಮಗಳ ಕೈಗೆ ಫೋನು ಕೊಡುವ ಮೊದಲು, ಇವರಷ್ಟು ಸತ್ಯವಂತರನ್ನು ನಾನು ಜೀವನದಲ್ಲಿ ನೋಡಿಲ್ಲ, ನಮಸ್ಕಾರ ಮಾಡು ಎಂದು ಅವಳು ಹೇಳುವುದು ನನಗೆ ಕೇಳಿಸುತ್ತದೆ. ಚೆನ್ನಾಗಿರವ್ವಾ ಎಂದು ಆ ಮಗುವಿಗೆ ಹರಸುತ್ತೇನೆ. ಇಪ್ಪತ್ತು ವರ್ಷವಾಯಿತು, ಇವತ್ತಿನವರೆಗೂ ಅಲ್ಲವೆಂದು ಹೇಳಿಲ್ಲ.